ಫಾರ್ಮಿನಲ್ಲಿ ಅವಳಿಗಳಿಗೆ ಕಾಲಂ ಇಲ್ಲ

ಮಹಾರಾಷ್ಟ್ರದ ಇಂಜಿನಿಯರಿಂಗ್ ಪ್ರವೇಶದ ಅರ್ಜಿಯಲ್ಲಿ ತಾಯಿಯ ಹೆಸರಿಗೆ ಜಾಗವಿದೆ. ಮಾತೃಭಾಷೆಗೆ ಇದೆ. ಭಾಷಾ ಅಲ್ಪಸಂಖ್ಯಾತರೇ ಎಂದು ಕೇಳಿದಲ್ಲಿ ಕನ್ನಡ ಎಂದು ಆರಿಸಿಕೊಳ್ಳಬಹುದು. ಅವಳಿ ಎಂದು ಹೇಳಿಕೊಳ್ಳಲು ಮಾತ್ರ ಎಲ್ಲೂ ಜಾಗವಿಲ್ಲ. ಲವ-ಕುಶರು ಬಂದು ಅರ್ಜಿ ತುಂಬಿದರೂ ಪ್ರವೇಶ ಪರೀಕ್ಷೆ ನಡೆಸುವ ಸಿಇಟಿ ಸೆಲ್‌ನ ಕಂಪ್ಯೂಟರಿಗೆ ಅವರು ಒಂದೇ ವಿಳಾಸದಲ್ಲಿರುವ ಇಬ್ಬರು ಅಪರಿಚಿತರು. ಒಬ್ಬನ ಸೀಟಿಗೂ ಇನ್ನೊಬ್ಬನ ಸೀಟಿಗೂ ಗಂಟು ಹಾಕುವ ಗುಂಡಿ ಆ ಪರದೆಯ ಮೇಲೆ ಇಲ್ಲ. ಗಂಟು ಹಾಕುವುದಿದ್ದರೆ ಅದನ್ನು ಮನೆಯಲ್ಲೇ, ಬೇಕಾದ ಕಾಲೇಜುಗಳನ್ನು ಬರೆಯುವ ಆಪ್ಷನ್ ಫಾರ್ಮಿನ ಸಾಲುಗಳ ಕ್ರಮದಲ್ಲೇ ಹಾಕಬೇಕು.

ಮುಂಬಯಿ ಕನ್ನಡಿಗರ ಮನೆಗಳಲ್ಲಿ ಈ ಮಾತು ಹೆಚ್ಚಾಗಿ ಬರುವುದು ವಿಜೆಟಿಐ ಸುತ್ತ. 1887ರಲ್ಲಿ ಶುರುವಾದ ಕಾಲೇಜು, ಇರುವುದು ಮೈಸೂರು ಅಸೋಸಿಯೇಷನ್ ಇರುವ ಮಾಟುಂಗಾದಲ್ಲೇ. ಡೊಂಬಿವಲಿಯಿಂದಾಗಲಿ ಭಾಂಡುಪಿನಿಂದಾಗಲಿ ಸೆಂಟ್ರಲ್ ಲೈನಿನಲ್ಲಿ ನೇರ ಬಂದಿಳಿಯಬಹುದು. ಎರಡನೆಯ ಹೆಸರು ಪುಣೆಯ ಸಿಒಇಪಿ. 1854ರ ಸಂಸ್ಥೆ, ವಿಶ್ವೇಶ್ವರಯ್ಯನವರು ಓದಿದ ಜಾಗ. ಅಜ್ಜಂದಿರು ಆ ಕಡೆ ವಾಲುವುದಕ್ಕೆ ಅಷ್ಟು ಸಾಕು. ಎರಡಕ್ಕೂ ಮುಖ್ಯ ದಾರಿ ಒಂದೇ: ರಾಜ್ಯದ ಪ್ರವೇಶ ಪರೀಕ್ಷೆ ಎಂಎಚ್‌ಟಿ-ಸಿಇಟಿ ಬರೆದು, ಕ್ಯಾಪ್ ಎಂಬ ಕೇಂದ್ರೀಕೃತ ಪ್ರವೇಶದ ಸುತ್ತುಗಳಲ್ಲಿ ಸೀಟು ಪಡೆಯುವುದು. ಪ್ರತಿ ವರ್ಷ ಅರ್ಜಿ ತುಂಬಿಸಲು ಕೂರುವ ನಾವು, ಅವಳಿ ಮಕ್ಕಳ ಮನೆಯವರು ಬಂದರೆ, ಮೊದಲು ಅಂಕ ಕೇಳುವುದಿಲ್ಲ. ಕಾಗದ ಕೇಳುತ್ತೇವೆ.

ಕಾಗದಗಳಲ್ಲಿ ಮೊದಲ ತೊಡಕು ಹೆಸರಿನದು. ಇಲ್ಲಿನ ಬೋರ್ಡಿನ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಮಗುವಿನ ಹೆಸರು ನಡುವೆ, ತಂದೆಯ ಹೆಸರು ಕೊನೆಗೆ. ತಾಯಿಯ ಹೆಸರು ಬೇರೆ. ಶೆಟ್ಟಿ, ಪೂಜಾರಿ, ಕುಲಕರ್ಣಿ ಎಂದಿದ್ದರೆ ಚಿಂತೆಯಿಲ್ಲ. ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇಟ್ಟುಕೊಂಡ ಹಳೇ ಮೈಸೂರು ಕಡೆಯವರಿಗೆ ಇಲ್ಲಿ ಕಷ್ಟ. ಲವನ ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುತ್ತದೆ, ಕುಶನದರಲ್ಲಿ ಎರಡಕ್ಷರ ಮಾತ್ರ. ಒಂದೇ ದಿನ ಒಂದೇ ಕೇಂದ್ರದಲ್ಲಿ ಮಾಡಿಸಿದ ಕಾರ್ಡುಗಳಲ್ಲೂ ಹೀಗಾಗಿರುವುದುಂಟು. ಒಬ್ಬನದು ಸರಿಯಿದೆ ಎಂದು ಇನ್ನೊಬ್ಬನದನ್ನು ನೋಡದೆ ಬಿಡುವುದೇ ಅವಳಿ ಮನೆಗಳ ದೊಡ್ಡ ತಪ್ಪು. ಎರಡು ಕಡತ, ಎರಡು ಬಣ್ಣ, ಪ್ರತಿ ಕಾಗದವನ್ನೂ ಎರಡು ಸಲ ಓದುವುದು. ಬೇರೆ ಉಪಾಯ ನಮಗೆ ಸಿಕ್ಕಿಲ್ಲ.

ಆಧಾರ್‌ನಲ್ಲಿ ಇನ್ನೊಂದಿದೆ. ಎಳೆಯ ಮಗುವಿಗೆ ಮಾಡಿಸಿದ ಆಧಾರ್‌ನಲ್ಲಿ ಬೆರಳಚ್ಚು, ಕಣ್ಣಿನ ಪಾಪೆಯ ಗುರುತು ಇರುವುದಿಲ್ಲ. 5 ವರ್ಷ ತುಂಬಿದಾಗ ಒಮ್ಮೆ, 15 ತುಂಬಿದಾಗ ಇನ್ನೊಮ್ಮೆ ಕಡ್ಡಾಯವಾಗಿ ಅಪ್‌ಡೇಟ್ ಮಾಡಿಸಬೇಕು. ತದ್ರೂಪಿ ಅವಳಿಗಳಲ್ಲೂ ಬೆರಳಚ್ಚು ಬೇರೆಬೇರೆ, ಆದ್ದರಿಂದ ಹೆದರುವುದೇನಿಲ್ಲ. ಆದರೆ ಕೌಂಟರಿನಲ್ಲಿ ಲವನ ನಂಬರ್ ತೆರೆದು ಕುಶನ ಬೆರಳು ಇಡಿಸಿಬಿಟ್ಟರೆ ಬಿಡಿಸಲು ತಿಂಗಳುಗಳು ಬೇಕು. ಅಪ್‌ಡೇಟಿಗೆ ಇಬ್ಬರನ್ನೂ ಒಟ್ಟಿಗೆ ಒಳಗೆ ಕಳಿಸಬೇಡಿ. ಒಬ್ಬನ ರಸೀದಿ ಕೈಗೆ ಬಂದ ಮೇಲೆ ಇನ್ನೊಬ್ಬ.

ಹುಟ್ಟಿದ ಊರಿನ ವಿಷಯ ನಮ್ಮವರಿಗೇ ವಿಶೇಷ. ರಾಜ್ಯದ ಕೋಟಾದಲ್ಲಿ 'ಎ' ಪ್ರಕಾರದ ಅಭ್ಯರ್ಥಿ ಎನಿಸಿಕೊಳ್ಳಲು 10 ಮತ್ತು 12ನೆಯ ತರಗತಿ ಮಹಾರಾಷ್ಟ್ರದಲ್ಲಿ ಪಾಸಾಗಿರಬೇಕು. ಜೊತೆಗೆ ಮಹಾರಾಷ್ಟ್ರದಲ್ಲೇ ಹುಟ್ಟಿರಬೇಕು ಇಲ್ಲವೇ ಇಲ್ಲಿನ ಡೊಮಿಸೈಲ್, ಅಂದರೆ ಕಾಯಂ ವಾಸದ ಪ್ರಮಾಣಪತ್ರ, ಇರಬೇಕು. ಅಕ್ಕಪಕ್ಕದ ಮರಾಠಿ ಮನೆಯವರು ಹುಟ್ಟಿದ ಸ್ಥಳ ನಮೂದಾಗಿರುವ, ಶಾಲೆ ಬಿಡುವಾಗ ಕೊಡುವ ಎಲ್‌ಸಿ ತೋರಿಸಿ ಮುಗಿಸುತ್ತಾರೆ. ನಮ್ಮಲ್ಲಿ ಹೆರಿಗೆಗೆ ತವರಿಗೆ ಹೋಗುವುದು ರೂಢಿ, ಅದರಲ್ಲೂ ಹೊಟ್ಟೆಯಲ್ಲಿ ಎರಡಿವೆ ಎಂದರೆ ಏಳನೆಯ ತಿಂಗಳಿಗೇ ಕರೆದೊಯ್ಯುತ್ತಾರೆ. ಹಾಗಾಗಿ ಎಲ್‌ಸಿಯಲ್ಲಿ ಉಡುಪಿ, ಹುಬ್ಬಳ್ಳಿ, ಶಿರಸಿ ಎಂದಿರುತ್ತದೆ. ಅದಕ್ಕೆ ಡೊಮಿಸೈಲೇ ದಾರಿ, ತಹಸೀಲ್ದಾರರ ಕಚೇರಿಯಿಂದ, ಪ್ರತಿ ಮಗುವಿಗೂ ಪ್ರತ್ಯೇಕ. ಆಪ್ಲೆ ಸರ್ಕಾರ್ ಪೋರ್ಟಲಿನಲ್ಲಾಗಲಿ ಸೇತು ಕೇಂದ್ರದಲ್ಲಾಗಲಿ ಎರಡು ಅರ್ಜಿ ಹಾಕಿ. ಒಂದೇ ಅರ್ಜಿಯಲ್ಲಿ ಇಬ್ಬರ ಹೆಸರು ಹಾಕಿಸುತ್ತೇನೆ ಎನ್ನುವ ಏಜೆಂಟರನ್ನು ನಂಬಬೇಡಿ. ಜೂನ್‌ನಲ್ಲಿ ಆ ಕಚೇರಿಗಳ ಮುಂದಿನ ಸಾಲು ನೋಡಿದವರು ಜನವರಿಯಲ್ಲೇ ಹೋಗುತ್ತಾರೆ. ಗಡಿಭಾಗದವರಿಗೆ 'ಇ' ಎಂಬ ಪ್ರಕಾರ ಇದೆಯಲ್ಲ ಎಂದು ಬೆಳಗಾವಿ ಕಡೆಯವರು ಕೇಳುವುದುಂಟು. ಇದೆ, ಆದರೆ ಅದಕ್ಕೆ ಮಾತೃಭಾಷೆ ಮರಾಠಿಯಾಗಿರಬೇಕು.

ಮೀಸಲಾತಿ ಕೇಳುವವರಿಗೆ ಒಂದು ಕಹಿ ಮಾತು. ಕರ್ನಾಟಕದ ಜಾತಿ ಪ್ರಮಾಣಪತ್ರ ಇಲ್ಲಿನ ಕೋಟಾಕ್ಕೆ ನಡೆಯುವುದಿಲ್ಲ. ಒಬಿಸಿಯಾದರೆ 1967ರ ಅಕ್ಟೋಬರ್ 13ಕ್ಕೆ ಮೊದಲು, ಪರಿಶಿಷ್ಟ ಜಾತಿಯಾದರೆ 1950ರ ಆಗಸ್ಟ್ 10ಕ್ಕೆ ಮೊದಲು ಕುಟುಂಬ ಮಹಾರಾಷ್ಟ್ರದಲ್ಲಿ ನೆಲೆಸಿತ್ತು ಎಂದು ತೋರಿಸಬೇಕು. ಅಜ್ಜ ಹೋಟೆಲಿನಲ್ಲಿ ದುಡಿಯುತ್ತಾ ರಾತ್ರಿ ಶಾಲೆಯಲ್ಲಿ ಓದಿದ್ದರೆ ಆ ಶಾಲೆಯ ರಿಜಿಸ್ಟರಿನ ನಕಲು ಇಂಥ ಹೊತ್ತಿಗೆ ಚಿನ್ನ. ಜಾತಿ ಪ್ರಮಾಣಪತ್ರದ ಮೇಲೆ ಅದು ಸರಿಯಿದೆ ಎನ್ನುವ ವ್ಯಾಲಿಡಿಟಿ ಪತ್ರವೂ ಬೇಕು. ಇಲ್ಲಿ ಮಾತ್ರ ಅವಳಿಗಳಿಗೆ ಒಂದು ಅನುಕೂಲ: ತಂದೆಯ ಕಡೆಯ ರಕ್ತಸಂಬಂಧಿಯ ವ್ಯಾಲಿಡಿಟಿ ಗಟ್ಟಿ ಆಧಾರವಾಗುವುದರಿಂದ, ಒಬ್ಬನದು ಬಂದರೆ ಇನ್ನೊಬ್ಬನ ಹಾದಿ ಅರ್ಧ ತೆರೆದಂತೆ. ಆದಾಯ ಮಿತಿಯೊಳಗಿದೆ ಎನ್ನುವ ನಾನ್ ಕ್ರೀಮಿ ಲೇಯರ್ ಪತ್ರ ಮಾತ್ರ ಇಬ್ಬರಿಗೂ ಬೇರೆಬೇರೆ.

ಪರೀಕ್ಷೆಯ ಅರ್ಜಿಗೆ ಎರಡು ಮೊಬೈಲ್ ನಂಬರ್, ಎರಡು ಇಮೇಲ್ ಇಟ್ಟುಕೊಳ್ಳಿ. ಒಂದೇ ಫೋನಿಗೆ ಎರಡು ಓಟಿಪಿ ಬಂದಾಗ ಯಾವುದು ಯಾರದು ಎಂದು ತಿಳಿಯದೆ ಲಾಗಿನ್ ಲಾಕ್ ಆಗುತ್ತದೆ. ಒಂದೇ ಲ್ಯಾಪ್‌ಟಾಪಿನಲ್ಲಿ ತುಂಬುವುದಾದರೆ ಲವನಿಗೆ ಒಂದು ಬ್ರೌಸರ್, ಕುಶನಿಗೆ ಇನ್ನೊಂದು. ಎರಡು ಟ್ಯಾಬ್ ತೆರೆದರೆ ಎರಡನೆಯ ಲಾಗಿನ್ ಮೊದಲಿನದನ್ನು ನುಂಗಬಹುದು. ಆಗ ಲವನ ಫೋಟೋ ಕುಶನ ಅರ್ಜಿಗೆ ಹೋಗಿ ಕೂರುತ್ತದೆ. ತದ್ರೂಪಿಗಳಾದರೆ ಹೆತ್ತವರಿಗೂ ಅದು ಕಣ್ಣಿಗೆ ಬೀಳುವುದಿಲ್ಲ. ಫೋಟೋಗೆ ಬೇರೆ ಬಣ್ಣದ ಅಂಗಿ ಹಾಕಿಸಿ. ಹುಟ್ಟುಹಬ್ಬಕ್ಕೆ ತಂದ ಜೋಡಿ ಅಂಗಿ ಆ ದಿನ ಬೇಡ.

ಪರೀಕ್ಷೆ ಕಂಪ್ಯೂಟರ್ ಮೇಲೆ, ಹಲವು ದಿನ, ಹಲವು ಶಿಫ್ಟು. ಒಬ್ಬನಿಗೆ ವಸಯಿಯಲ್ಲಿ ಬೆಳಿಗ್ಗೆ, ಇನ್ನೊಬ್ಬನಿಗೆ ಮೂರು ದಿನ ಬಿಟ್ಟು ನವಿ ಮುಂಬಯಿಯಲ್ಲಿ ಮಧ್ಯಾಹ್ನ ಬರಬಹುದು. ಇಬ್ಬರಿಗೂ ಒಂದೇ ಹೊತ್ತಿಗೆ, ಬೇರೆ ದಿಕ್ಕಿನಲ್ಲಿ ಬಂದರೆ ಜೊತೆಗೆ ಹೋಗಲು ಇಬ್ಬರು ದೊಡ್ಡವರು ಬೇಕು. ಭಾನುವಾರವಾದರೆ ಹಳಿ ದುರಸ್ತಿಗೆ ರೈಲು ನಿಲ್ಲಿಸುವ ಮೆಗಾಬ್ಲಾಕ್ ಯಾವ ಲೈನಿನಲ್ಲಿದೆ ಎಂದು ಹಿಂದಿನ ದಿನವೇ ನೋಡಿ. ಪತ್ರಿಕೆಯ ಲೆಕ್ಕ ಹೀಗೆ: 150 ಪ್ರಶ್ನೆ, 200 ಅಂಕ. ಭೌತ, ರಸಾಯನ 50-50 ಪ್ರಶ್ನೆ, ತಲಾ 1 ಅಂಕ, ಎರಡಕ್ಕೂ ಸೇರಿ 90 ನಿಮಿಷ. ಗಣಿತ 50 ಪ್ರಶ್ನೆ, ತಲಾ 2 ಅಂಕ, ಇನ್ನೊಂದು 90 ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಸುಮಾರು ಶೇಕಡಾ 20 ಭಾಗ 11ನೆಯ ತರಗತಿಯದು, ಉಳಿದದ್ದು 12ನೆಯದು.

ಶಿಫ್ಟು ಬೇರೆಯಾದ ಮೇಲೆ ಮನೆಯಲ್ಲಿ ಶುರುವಾಗುವ ಹೋಲಿಕೆಗೆ ಅರ್ಥವಿಲ್ಲ. ಲವನಿಗೆ 158, ಕುಶನಿಗೆ 151 ಬಂತೆಂದರೆ ಲವ ಮುಂದೆ ಎಂದೇನಿಲ್ಲ. ಪರ್ಸೆಂಟೈಲ್ ಎಂದರೆ ನಿಮ್ಮ ಶಿಫ್ಟಿನಲ್ಲಿ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಅಂಕ ತೆಗೆದವರು ನೂರಕ್ಕೆ ಎಷ್ಟು ಎಂಬುದು. ಅದನ್ನು ದಶಾಂಶದ ನಂತರ 7 ಅಂಕಿಯವರೆಗೆ ಕೊಡುತ್ತಾರೆ. ಕುಶನ ಶಿಫ್ಟಿನ ಪತ್ರಿಕೆ ಬಿಗಿಯಾಗಿದ್ದರೆ 151ಕ್ಕೇ ಹೆಚ್ಚು ಪರ್ಸೆಂಟೈಲ್ ಬರಬಹುದು. ಮೇಲ್ತುದಿಯಲ್ಲಿ ಚಿಕ್ಕ ಅಂತರವೂ ದೊಡ್ಡದು: 4 ಲಕ್ಷ ಜನ ಬರೆದರು ಎಂದುಕೊಂಡರೆ 0.01 ಪರ್ಸೆಂಟೈಲ್ ಎಂದರೆ 40 ಜನ. 99.5 ಮತ್ತು 99.3 ಕೇಳಲು ಅಣ್ಣತಮ್ಮಂದಿರ ಹಾಗಿದ್ದರೂ ನಡುವೆ 800 ಮಕ್ಕಳು ಕುಳಿತಿರುತ್ತಾರೆ. ಅಕಸ್ಮಾತ್ ಇಬ್ಬರದೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂದರೆ ಮೊದಲು ಗಣಿತದ ಪರ್ಸೆಂಟೈಲ್, ಆಮೇಲೆ ಭೌತ, ಆಮೇಲೆ ರಸಾಯನ, ಅಲ್ಲೂ ಸಮವಾದರೆ 12ನೆಯ ತರಗತಿಯ ಅಂಕ ನೋಡುತ್ತಾರೆ. ಯಾರು ಐದು ನಿಮಿಷ ಮೊದಲು ಹುಟ್ಟಿದರು ಎಂದು ಯಾರೂ ಕೇಳುವುದಿಲ್ಲ.

ಫಲಿತಾಂಶದ ಬಳಿಕ ಕ್ಯಾಪ್ ಅರ್ಜಿ ಬೇರೆಯೇ ತುಂಬಬೇಕು. ಸಿಇಟಿ ಬರೆದದ್ದೇ ಅರ್ಜಿ ಎಂದು ತಿಳಿದು ಕೂತವರನ್ನು ಪ್ರತಿ ವರ್ಷ ನೋಡುತ್ತೇವೆ. ಕಾಗದ ಅಪ್‌ಲೋಡ್ ಮಾಡಿ ಇ-ಸ್ಕ್ರೂಟಿನಿ ಆರಿಸಬಹುದು, ಇಲ್ಲವೇ ಫೆಸಿಲಿಟೇಷನ್ ಸೆಂಟರಿಗೆ ಖುದ್ದು ಹೋಗಬಹುದು. ಅವಳಿಗಳಾದರೆ ಖುದ್ದು ಹೋಗುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ. ಆನ್‌ಲೈನಿನಲ್ಲಿ ಲವನ ಅರ್ಜಿಗೆ ಕುಶನ ಅಂಕಪಟ್ಟಿ ಹೋಗಿದ್ದರೆ ಅರ್ಜಿ ವಾಪಸ್ ಬರುತ್ತದೆ, ಸರಿಪಡಿಸಿ ಮತ್ತೆ ಕಳಿಸುವಷ್ಟರಲ್ಲಿ ಎರಡು ದಿನ ಹೋಗುತ್ತದೆ. ತಾತ್ಕಾಲಿಕ ಮೆರಿಟ್ ಪಟ್ಟಿ ಬಂದ ಮೇಲೆ ಆಕ್ಷೇಪಣೆಗೆ ಕೊಡುವ ಕೆಲವೇ ದಿನಗಳಲ್ಲಿ ಇಬ್ಬರ ಪುಟವನ್ನೂ ಮುದ್ರಿಸಿ ಸಾಲುಸಾಲಾಗಿ ಹೋಲಿಸಿ: ವರ್ಗ, ಲಿಂಗ, ಅಭ್ಯರ್ಥಿಯ ಪ್ರಕಾರ, 12ನೆಯ ಅಂಕ. ಒಂದೇ ಮನೆಯ ಇಬ್ಬರಲ್ಲಿ ಒಬ್ಬ 'ಎ', ಒಬ್ಬ 'ಬಿ' ಎಂದಾಗಿದ್ದರೆ ಎಲ್ಲೋ ಒಂದು ಕಾಗದ ತಪ್ಪಿದೆ. ಅಂತಿಮ ಪಟ್ಟಿ ಬಂದ ಮೇಲೆ ಹೇಳಿ ಪ್ರಯೋಜನವಿಲ್ಲ. ರಾಷ್ಟ್ರಮಟ್ಟದ ಪರೀಕ್ಷೆಯಾದ ಜೆಇಇ ಮೇನ್ ಕೂಡ ಬರೆದಿದ್ದರೆ ಅದರ ಅರ್ಜಿ ಸಂಖ್ಯೆಯನ್ನೂ ತುಂಬಿ. ಶೇಕಡಾ 15ರಷ್ಟು ಅಖಿಲ ಭಾರತ ಸೀಟುಗಳು ಅದರ ಮೇಲೆ ಹಂಚಿಕೆಯಾಗುತ್ತವೆ. ಮಹಾರಾಷ್ಟ್ರದ ಮಕ್ಕಳಿಗೂ ಅಲ್ಲಿ ಪಾಲಿದೆ. ಒಬ್ಬ ಸಿಇಟಿ ಬಾಗಿಲಿನಿಂದ, ಇನ್ನೊಬ್ಬ ಜೆಇಇ ಬಾಗಿಲಿನಿಂದ ಒಂದೇ ತರಗತಿ ಸೇರಲು ಸಾಧ್ಯ.

ಇನ್ನು ಆಪ್ಷನ್ ಫಾರ್ಮು. ಕಾಲೇಜು ಮತ್ತು ಬ್ರಾಂಚು ಸೇರಿ ಒಂದು ಚಾಯ್ಸ್ ಕೋಡ್. ಅಂಥ ಕೋಡುಗಳನ್ನು ಇಷ್ಟದ ಕ್ರಮದಲ್ಲಿ ಜೋಡಿಸಬೇಕು. ಹಿಂದಿನ ವರ್ಷದ ಕಟಾಫ್ ಪಟ್ಟಿ ಓದಲು ಅಕ್ಷರಗಳ ಅರ್ಥ ಗೊತ್ತಿರಬೇಕು. ಜಿ-ಓಪನ್-ಎಸ್ ಎಂದರೆ ರಾಜ್ಯಮಟ್ಟದ ಸಾಮಾನ್ಯ ಸೀಟು, ಎಲ್-ಓಪನ್-ಎಸ್ ಎಂದರೆ ಹೆಣ್ಣುಮಕ್ಕಳದು. ಕೊನೆಯಲ್ಲಿ ಎಚ್ ಇದ್ದರೆ ಅದೇ ವಿಶ್ವವಿದ್ಯಾಲಯದ ವ್ಯಾಪ್ತಿಯವರಿಗೆ, ಓ ಇದ್ದರೆ ಹೊರಗಿನವರಿಗೆ. ಅಕ್ಕ-ತಮ್ಮ ಅವಳಿಗಳಾದರೆ ಇದು ಮುಖ್ಯ. ಶೇಕಡಾ 30 ಸೀಟು ಹುಡುಗಿಯರಿಗೆ ಮೀಸಲು, ಸಾಮಾನ್ಯ ಸೀಟಿನಲ್ಲೂ ಅವರಿಗೆ ಪಾಲಿದೆ. ಒಂದೇ ಪರ್ಸೆಂಟೈಲ್ ಇದ್ದರೂ ಅಕ್ಕನಿಗೆ ಸಿಕ್ಕ ಬ್ರಾಂಚು ತಮ್ಮನಿಗೆ ಸಿಗದೆ ಹೋಗಬಹುದು. ಅದನ್ನು ಮೊದಲೇ ಹೇಳಿಟ್ಟರೆ ಆ ರಾತ್ರಿ ಮನೆಯಲ್ಲಿ ಜಗಳ ಕಡಿಮೆ. ಕೋಡಿನ ತುದಿಗೆ ಟಿ ಇದ್ದರೆ ಅದು ಟ್ಯೂಷನ್ ಫೀ ಮನ್ನಾ ಸೀಟು: ಶೇಕಡಾ 5, ಆದಾಯ 8 ಲಕ್ಷದೊಳಗೆ. ಫೀ ಕಡಿಮೆ ಎಂದು ಸುಲಭ ಎಂದುಕೊಳ್ಳಬೇಡಿ, ಅದರ ಕಟಾಫ್ ಸಾಮಾನ್ಯ ಸೀಟಿಗಿಂತ ಮೇಲೆ ನಿಲ್ಲುವುದೇ ಹೆಚ್ಚು.

ಫಾರ್ಮು ತೆರೆಯುವ ಮುನ್ನ ಮನೆಯಲ್ಲಿ ತೀರ್ಮಾನಿಸಬೇಕಾದ ಪ್ರಶ್ನೆ ಒಂದೇ. ಕಾಲೇಜು ಒಂದೇ ಆಗಬೇಕೋ, ಬ್ರಾಂಚು ಒಳ್ಳೆಯದಾಗಬೇಕೋ? ಎರಡೂ ಎಂದು ಹೇಳಿಬಿಡುವುದು ಸುಲಭ, ಸಾಲು ಜೋಡಿಸುವಾಗ ಆಗುವುದಿಲ್ಲ. ಕಾಲೇಜೇ ಮುಖ್ಯವಾದರೆ ವಿಜೆಟಿಐಯ ಕಂಪ್ಯೂಟರ್, ಐಟಿ, ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಸಿವಿಲ್, ಪ್ರೊಡಕ್ಷನ್, ಟೆಕ್ಸ್‌ಟೈಲ್ ಎಲ್ಲವೂ ಮೇಲೆ ಬರಬೇಕು, ಬೇರೆ ಕಾಲೇಜು ಕೆಳಗೆ. ಬ್ರಾಂಚು ಮುಖ್ಯವಾದರೆ ವಿಜೆಟಿಐ ಕಂಪ್ಯೂಟರ್, ಸಿಒಇಪಿ ಕಂಪ್ಯೂಟರ್, ಅಂಧೇರಿಯ ಸರ್ದಾರ್ ಪಟೇಲ್, ಪುಣೆಯ ಪಿಐಸಿಟಿ ಹೀಗೆ ಅಡ್ಡಲಾಗಿ ಸಾಗಬೇಕು. ಆಗ ಇಬ್ಬರು ಎರಡು ಊರು ಸೇರುವುದಕ್ಕೆ ಸಿದ್ಧರಿರಬೇಕು. ಮೊದಲ ದಾರಿಯಲ್ಲಿ ಬೆಲೆ ಕೊಡುವವನು ಸಾಮಾನ್ಯವಾಗಿ ಕಡಿಮೆ ಪರ್ಸೆಂಟೈಲಿನವನು. ಬೇರೆ ಕಡೆ ಸಿಗುತ್ತಿದ್ದ ಕಂಪ್ಯೂಟರ್ ಬಿಟ್ಟು ಅಣ್ಣನ ಕಾಲೇಜಿನ ಟೆಕ್ಸ್‌ಟೈಲ್‌ಗೆ ಬರುತ್ತಾನೆ. ಅದು ಅವನ ಇಷ್ಟವೋ ಅಮ್ಮನ ಇಷ್ಟವೋ ಎಂದು ಅವನನ್ನೊಬ್ಬನನ್ನೇ ಕೂರಿಸಿ ಕೇಳಿ. ಇಬ್ಬರನ್ನೂ ಎದುರೆದುರು ಇಟ್ಟು ಕೇಳಿದರೆ ನಿಜವಾದ ಉತ್ತರ ಬರುವುದಿಲ್ಲ.

ಇಬ್ಬರಿಗೂ ಒಂದೇ ಪಟ್ಟಿ ನಕಲು ಮಾಡುವುದರಲ್ಲಿ ದೋಷವೇನಿಲ್ಲ, ಒಬ್ಬರು ಇನ್ನೊಬ್ಬರ ಸೀಟು ಕಸಿಯುವುದಿಲ್ಲ. ಪಟ್ಟಿಯ ಕಟ್ಟಕಡೆಯ ಸೀಟಿನಲ್ಲಿ ಮೆರಿಟ್ ನಂಬರ್ ಅಕ್ಕಪಕ್ಕ ಬಂದಾಗ ಮಾತ್ರ ಹಾಗಾದೀತು. ಆದರೆ ಅಣ್ಣ ಬಿಟ್ಟುಕೊಟ್ಟ ಸೀಟು ತಮ್ಮನಿಗೆ ಬರುವುದಿಲ್ಲ. ಅದು ಮೆರಿಟ್ಟಿನಲ್ಲಿ ಮುಂದಿರುವ ಯಾರಿಗೋ ಹೋಗುತ್ತದೆ. "ನೀನು ಬಿಡು, ಅವನಿಗೆ ಸಿಗುತ್ತದೆ" ಎಂಬ ಲೆಕ್ಕ ಹಾಕಿ ಸೀಟು ಕಳೆದುಕೊಂಡ ಮನೆಗಳಿವೆ.

ಸುತ್ತುಗಳ ನಿಯಮ ತಿಳಿಯದೆ ಜೋಡಿಸಿದ ಕ್ರಮ ತಿರುಗಿ ಕಚ್ಚುತ್ತದೆ. 2025-26ರ ಸಾಲಿನಲ್ಲಿ ಸುತ್ತುಗಳು 4. ಮೊದಲ ಸುತ್ತಿನಲ್ಲಿ 1ನೆಯ ಆಯ್ಕೆಯೇ ಸಿಕ್ಕರೆ ಸೀಟು ತಾನಾಗಿ ಫ್ರೀಜ್. ಎರಡನೆಯದರಲ್ಲಿ ಮೊದಲ 3ರೊಳಗೆ ಯಾವುದು ಸಿಕ್ಕರೂ ಫ್ರೀಜ್, ಮೂರನೆಯದರಲ್ಲಿ ಮೊದಲ 6ರೊಳಗೆ. ಫ್ರೀಜ್ ಆದ ಮೇಲೆ ಮೇಲಕ್ಕೇರುವ ದಾರಿ ಮುಚ್ಚಿತು. ಉಳಿದವರು ಸೀಟು ಸ್ವೀಕೃತಿ ಶುಲ್ಕ 1,000 ರೂಪಾಯಿ ಕಟ್ಟಿ, ಫ್ರೀಜ್ ಮಾಡದೆ ಮುಂದಿನ ಸುತ್ತಿಗೆ ಕಾಯಬಹುದು. ಆದ್ದರಿಂದ ಮೊದಲ ಸಾಲಿನಲ್ಲಿ ಬರೆಯುವುದು ಖಂಡಿತ ಬೇಕಾದದ್ದೇ ಆಗಿರಬೇಕು. "ಸುಮ್ಮನೆ ಹಾಕಿದೆವು" ಎನ್ನುವ ಮಾತು ಅಲ್ಲಿ ನಡೆಯದು.

ಈ ಸುತ್ತುಗಳನ್ನೇ ಅವಳಿಗಳು ಬಳಸಿಕೊಳ್ಳಬಹುದು. ಲವನಿಗೆ ಎಲ್ಲಿ ಸಿಗುತ್ತದೋ ಕುಶನಿಗೂ ಅಲ್ಲೇ ಬೇಕು ಎಂದು ಫಾರ್ಮಿನಲ್ಲಿ ಬರೆಯಲಾಗದು. ಆದರೆ ಪ್ರತಿ ಸುತ್ತಿಗೆ ಮುನ್ನ ಆಪ್ಷನ್‌ಗಳನ್ನು ಹೊಸದಾಗಿ ಜೋಡಿಸಬಹುದು. ಮೊದಲ ಸುತ್ತಿನಲ್ಲಿ ಲವನಿಗೆ ಸಿಒಇಪಿ ಖಾತ್ರಿಯಾಯಿತು ಎನ್ನಿ. ಕುಶ ತನಗೆ ಸಿಕ್ಕಿದ್ದನ್ನು ಹಿಡಿದುಕೊಂಡು, ಎರಡನೆಯ ಸುತ್ತಿಗೆ ಸಿಒಇಪಿಯ ಕೋಡುಗಳನ್ನು ಮೇಲೆ ತರಬಹುದು. ಎಚ್ಚರ ಒಂದೇ ಕಡೆ: ಹೊಸ ಸುತ್ತಿನಲ್ಲಿ ಏನಾದರೂ ಸಿಕ್ಕ ಕ್ಷಣ ಕೈಯಲ್ಲಿದ್ದ ಹಳೆಯ ಸೀಟು ಹೋಗುತ್ತದೆ. ಹಾಗಾಗಿ ಹೊಸ ಪಟ್ಟಿಯಲ್ಲಿ ಈಗಿರುವುದಕ್ಕಿಂತ ಬೇಕು ಅನ್ನಿಸುವುದನ್ನು ಮಾತ್ರ ಬರೆಯಬೇಕು. ಉದ್ದವಿರಲಿ ಎಂದು ಹಳೇ ಪಟ್ಟಿಯನ್ನೇ ಕೆಳಗೆ ಅಂಟಿಸಿದವನು ಮೆಕ್ಯಾನಿಕಲ್ ಕಳೆದುಕೊಂಡು ಪ್ರೊಡಕ್ಷನ್‌ಗೆ ಇಳಿಯುತ್ತಾನೆ. ತುಂಬಿದ ಮೇಲೆ ಪಾಸ್‌ವರ್ಡ್ ಹಾಕಿ ಕನ್ಫರ್ಮ್ ಮಾಡದಿದ್ದರೆ ಫಾರ್ಮು ಇದ್ದೂ ಇಲ್ಲ. ಲವನದು ಕನ್ಫರ್ಮ್ ಆದ ಸಂದೇಶ ನೋಡಿ ಎರಡೂ ಮುಗಿಯಿತೆಂದು ಮಲಗಬೇಡಿ, ಎರಡು ಪಿಡಿಎಫ್ ಇಳಿಸಿ, ಮೇಲಿನ ಅರ್ಜಿ ಸಂಖ್ಯೆ ಬೇರೆಬೇರೆ ಇದೆಯೇ ನೋಡಿ.

ಹಣದ ಕಡೆ ಎರಡು ಮಾತು. ಎರಡು ಫೀ ಒಂದೇ ವಾರ ಕಟ್ಟಬೇಕು, ಹಂತಹಂತ ಎಂಬುದಿಲ್ಲ. 8 ಲಕ್ಷದೊಳಗಿನ ಆದಾಯದ ಸಾಮಾನ್ಯ ವರ್ಗದವರಿಗೆ ರಾಜರ್ಷಿ ಶಾಹು ಮಹಾರಾಜ ಯೋಜನೆಯಲ್ಲಿ ಟ್ಯೂಷನ್ ಫೀ ಅರ್ಧ ವಾಪಸ್ ಬರುತ್ತದೆ, ಆದರೆ ಒಂದು ಕುಟುಂಬದ 2 ಮಕ್ಕಳಿಗೆ ಮಾತ್ರ. ದೊಡ್ಡ ಮಗಳು ಈಗಾಗಲೇ ಪಡೆಯುತ್ತಿದ್ದರೆ ಅವಳಿಗಳಲ್ಲಿ ಒಬ್ಬರು ಹೊರಗುಳಿಯುವ ಲೆಕ್ಕ ಬರುತ್ತದೆ. ಸ್ಕಾಲರ್‌ಶಿಪ್ ಅರ್ಜಿಯ ಪೋರ್ಟಲಾದ ಮಹಾಡಿಬಿಟಿಯಲ್ಲಿ ತುಂಬುವ ಮುನ್ನ ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗದಲ್ಲಿ ಕೇಳಿ. 2024-25ರಿಂದ ಇಡಬ್ಲ್ಯೂಎಸ್ (ಆರ್ಥಿಕವಾಗಿ ದುರ್ಬಲ), ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದ), ಒಬಿಸಿ ವರ್ಗದ, ಅದೇ ಆದಾಯ ಮಿತಿಯ ಹೆಣ್ಣುಮಕ್ಕಳಿಗೆ ಟ್ಯೂಷನ್ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಮಾಫಿ. ಕ್ಯಾಪ್ ಮೂಲಕವೇ ಸೀಟು ಪಡೆದಿರಬೇಕು. ಸಾಲ ತೆಗೆಯುವುದಾದರೆ ಇಬ್ಬರ ಹೆಸರಿನಲ್ಲೂ ಬೇರೆಬೇರೆ ಖಾತೆ, ತಂದೆ ಅಥವಾ ತಾಯಿ ಎರಡಕ್ಕೂ ಸಹ ಅರ್ಜಿದಾರರು. ಆದಾಯ ಒಂದೇ, ಕಂತು ಎರಡು ಎಂಬುದನ್ನು ಬ್ಯಾಂಕಿನವರು ನೋಡುತ್ತಾರೆ. ಅದಕ್ಕೆ ಎರಡನ್ನೂ ಒಂದೇ ಶಾಖೆಯಲ್ಲಿ ಒಂದೇ ದಿನ ಕೊಡಿ.

ಸೀಟು ಖಚಿತಪಡಿಸಲು ಕಾಲೇಜಿಗೆ ಹೋಗುವ ದಿನ ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲದಿದ್ದರೆ ವಾಸಿ. ಒಬ್ಬನ ಕೆಲಸ ಮುಗಿದು, ಮೂಲ ಎಲ್‌ಸಿ ಒಪ್ಪಿಸಿ, ರಸೀದಿ ಕೈಗೆ ಬಂದ ಮೇಲೆ ಇನ್ನೊಬ್ಬನ ಕಡತ ತೆಗೆಯಿರಿ. ಎಲ್‌ಸಿ ಒಳಗೆ ಹೋಗುವ ಮುನ್ನ ನಾಲ್ಕು ನಕಲು ಇಟ್ಟುಕೊಂಡಿರಬೇಕು. ಆಮೇಲೆ ಗುರುತಿನ ಚೀಟಿ ಕೊಡುವಾಗ ಹೆಸರು, ಫೋಟೋ, ನಂಬರ್ ಮೂರೂ ಕೌಂಟರಿನಲ್ಲೇ ನೋಡಿ. ಅದೇ ನಂಬರಿಗೆ ಹಾಜರಿ, ಲೈಬ್ರರಿ, ಪರೀಕ್ಷೆ ಎಲ್ಲವೂ ಅಂಟಿಕೊಳ್ಳುವುದು. ಅದಲುಬದಲಾದದ್ದು ಮೊದಲ ಸೆಮಿಸ್ಟರಿನ ಹಾಲ್ ಟಿಕೆಟ್ ಬರುವವರೆಗೆ ಯಾರಿಗೂ ತಿಳಿಯುವುದಿಲ್ಲ.